ಮಗು ‘ಹೂಂ’ ಅನ್ನಲಿ: ಮನೆಯಲ್ಲಿ ಮಕ್ಕಳ ಜೊತೆ ಪುಸ್ತಕ ಓದುವ ಸಮಗ್ರ ಮಾರ್ಗದರ್ಶಿ

ನಮ್ಮಜ್ಜಿ ಕಥೆ ಹೇಳುವಾಗ ಒಂದು ಷರತ್ತು ಹಾಕುತ್ತಿದ್ದರು. ಕೇಳುವವರು ಹೂಂಗುಟ್ಟಬೇಕು. ‘ಒಂದೂರಲ್ಲಿ ಒಬ್ಳು ಮುದುಕಿ ಇದ್ಲಂತೆ’ ಅಂದರೆ ನಾವು ‘ಹೂಂ’ ಅನ್ನಬೇಕು. ‘ಅವಳ ಹತ್ರ ಒಂದು ಹುಂಜ ಇತ್ತಂತೆ’, ‘ಹೂಂ’. ಹೂಂಗುಟ್ಟುವುದು ನಿಂತರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಕರೆಂಟು ಹೋದ ಕತ್ತಲಲ್ಲೂ ಯಾರಿಗೆ ನಿದ್ದೆ ಹತ್ತಿದೆ, ಯಾರಿಗೆ ಹೆದರಿಕೆ ಆಗಿದೆ ಅಂತ ಅಜ್ಜಿಗೆ ಆ ‘ಹೂಂ’ನ ದನಿಯಲ್ಲೇ ಗೊತ್ತಾಗುತ್ತಿತ್ತು.

ಮಕ್ಕಳಿಗೆ ಓದಿ ಹೇಳುವುದರ ಗುಟ್ಟು ಇದರಲ್ಲೇ ಇದೆ ಅಂತ ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎರಡೂವರೆ ವರ್ಷದ ಆಸುಪಾಸಿನ ಮಕ್ಕಳಿದ್ದ ಮನೆಗಳನ್ನು ಎರಡು ಗುಂಪು ಮಾಡಿದ್ದರು. ಎರಡೂ ಕಡೆ ಅಪ್ಪ ಅಮ್ಮ ಮಕ್ಕಳಿಗೆ ಓದುತ್ತಿದ್ದರು. ಆದರೆ ಒಂದು ಗುಂಪಿನವರಿಗೆ ಮಾತ್ರ ಓದುವ ನಡುವೆ ನಿಲ್ಲಿಸಿ ಕೇಳಲು, ಮಗು ಹೇಳಿದ್ದಕ್ಕೆ ಇನ್ನೊಂದೆರಡು ಮಾತು ಸೇರಿಸಲು ಹೇಳಿಕೊಟ್ಟಿದ್ದರು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಹಲವು ತಿಂಗಳಷ್ಟು ಮುಂದೆ ಹೋಗಿದ್ದರು. ಎರಡೂ ಗುಂಪು ಓದಿದ್ದು ಹೆಚ್ಚುಕಡಿಮೆ ಅಷ್ಟೇ. ಬೇರೆಯಾಗಿದ್ದದ್ದು ಓದಿದ ರೀತಿ. ಅಂದರೆ, ಮಗು ಹೂಂಗುಡುವಂತೆ ಓದಿದ್ದು.

ಅದನ್ನು ಮನೆಯಲ್ಲಿ ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ನನ್ನ ಮಗಳಿಗೆ ಈಗ ಒಂಬತ್ತು ವರ್ಷ, ಮಗನಿಗೆ ಮೂರು. ಇಲ್ಲಿರುವ ಬಹುಪಾಲು ಅವರ ಜೊತೆ ಕೂತು ಕಲಿತದ್ದು.

ಮೊದಲು ಒಂದು ಮಾತು: ಓದಿದರೆ ಬೆಳೆಯುವುದೇನು?

ಬೆಳಗಿನಿಂದ ರಾತ್ರಿಯವರೆಗೆ ನಾವು ಮಗುವಿನ ಜೊತೆ ಆಡುವ ಮಾತನ್ನು ಒಂದು ದಿನ ಸುಮ್ನೆ ಗಮನಿಸಿ. ಏಳು, ಹಲ್ಲುಜ್ಜು, ಬೇಗ ತಿನ್ನು, ಶೂ ಹಾಕ್ಕೋ, ಹೋಮ್‌ವರ್ಕ್ ಆಯ್ತಾ, ಮಲಕ್ಕೋ. ಪ್ರೀತಿ ಎಷ್ಟಿದ್ದರೂ ಪದಗಳು ಒಂದು ಹಿಡಿಯಷ್ಟೇ. ಈಗ ಹತ್ತು ಪುಟದ ಒಂದು ಚಿತ್ರಪುಸ್ತಕ ತೆಗೆಯಿರಿ. ಇಬ್ಬನಿ, ಪೊದೆ, ಕಾಲುದಾರಿ ಬರುತ್ತವೆ. ಯಾರೋ ಇಣುಕಿ ನೋಡುತ್ತಾರೆ, ಯಾರೋ ಹಿಂಜರಿಯುತ್ತಾರೆ, ಯಾರಿಗೋ ನಾಚಿಕೆಯಾಗುತ್ತದೆ. ಅಡುಗೆಮನೆಯಲ್ಲಿ ವರ್ಷವಿಡೀ ಬಾರದ ಪದಗಳು ಒಂದು ಸಂಜೆಯಲ್ಲಿ ಬಂದು ಹೋಗುತ್ತವೆ.

ಕನ್ನಡದ ಮಕ್ಕಳಿಗೆ ಇನ್ನೊಂದು ದೊಡ್ಡ ಲಾಭವಿದೆ. ನಾವು ಆಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ಮೈಸೂರಿನ ಕಡೆ ‘ಬರ್ತೀನಿ’, ಕುಂದಾಪುರದಲ್ಲಿ ‘ಬತ್ತೆ’, ಪುಸ್ತಕದಲ್ಲಿ ‘ಬರುತ್ತೇನೆ’. ಪುಸ್ತಕದ ಕನ್ನಡ ಯಾರ ಮನೆಮಾತೂ ಅಲ್ಲ. ಶಾಲೆಗೆ ಹೋದ ಮಗುವಿಗೆ ಅದು ಮೊದಲ ಸಲ ಎದುರಾದರೆ ಅರ್ಧ ಪರಭಾಷೆಯಂತೆ ಕೇಳುತ್ತದೆ. ಮೂರು ನಾಲ್ಕು ವರ್ಷ ತೊಡೆ ಮೇಲೆ ಕೂತು ಆ ಕನ್ನಡ ಕೇಳಿದ ಮಗುವಿಗೆ ಪಠ್ಯಪುಸ್ತಕದ ಮೊದಲ ಸಾಲೇ ಪರಿಚಿತ.

ಉಳಿದದ್ದು ಮಾತಿನಲ್ಲಿ ಅಳೆಯಲು ಸಿಗುವಂಥದ್ದಲ್ಲ. ಒಂದಾದ ಮೇಲೆ ಒಂದು ನಡೆಯುತ್ತದೆ ಎಂಬ ಅರಿವು, ಇನ್ನೊಬ್ಬರಿಗೆ ನೋವಾದರೆ ಹೇಗಿರುತ್ತದೆ ಎಂಬ ಊಹೆ, ಹತ್ತು ನಿಮಿಷ ಒಂದೇ ಕಡೆ ಮನಸ್ಸಿಡುವ ಅಭ್ಯಾಸ. ಇವೂ ಕಥೆಯ ಜೊತೆಗೇ ಬರುತ್ತವೆ.

ಹೆಜ್ಜೆ 1: ಹೊತ್ತು, ಜಾಗ ಗೊತ್ತು ಮಾಡಿ

ಹೊಸ ಅಭ್ಯಾಸವನ್ನು ಹಳೆಯ ಅಭ್ಯಾಸಕ್ಕೆ ಗಂಟು ಹಾಕಬೇಕು. ರಾತ್ರಿ ಊಟ, ಹಲ್ಲುಜ್ಜುವುದು, ಪುಸ್ತಕ, ನಿದ್ದೆ. ಹೆಚ್ಚಿನ ಮನೆಗಳಿಗೆ ಇದೇ ಸರಿಹೋಗುತ್ತದೆ. ರಾತ್ರಿ ಪಾಳಿ ಇರುವವರು ಬೆಳಗ್ಗೆ ಸ್ನಾನಕ್ಕೆ ಮೊದಲು ಓದಬಹುದು, ಸಂಜೆ ಹಾಲು ಕುಡಿಯುವ ಹೊತ್ತಿಗೂ ಓದಬಹುದು. ಹತ್ತು ನಿಮಿಷ ಸಾಕು. ಒಂದು ವರ್ಷದ ಮಗುವಿಗೆ ಮೂರು ನಿಮಿಷವೂ ಆಯಿತು.

ಟಿವಿ ಆಫ್ ಇರಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಬೆಳಕು ನಿಮ್ಮ ಹೆಗಲ ಹಿಂದಿನಿಂದ ಪುಸ್ತಕದ ಮೇಲೆ ಬೀಳಲಿ, ಇಲ್ಲದಿದ್ದರೆ ಹೊಳೆಯುವ ಕಾಗದದಲ್ಲಿ ಚಿತ್ರವೇ ಕಾಣುವುದಿಲ್ಲ. ಚಿಕ್ಕವರನ್ನು ತೊಡೆ ಮೇಲೆ ಕೂರಿಸಿಕೊಳ್ಳಿ, ದೊಡ್ಡವರನ್ನು ಪಕ್ಕದಲ್ಲಿ. ಇಬ್ಬರು ಮಕ್ಕಳಿದ್ದರೆ ಪುಸ್ತಕ ಹಿಡಿಯುವ ಕೆಲಸ ದೊಡ್ಡವರಿಗೆ ಕೊಡಿ, ಪುಟ ತಿರುವುವುದು ಚಿಕ್ಕವರಿಗೆ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮಧ್ಯೆ ಎರಡು ದಿನ ತಪ್ಪಿದರೆ ಬೇಜಾರು ಮಾಡಿಕೊಳ್ಳಬೇಡಿ. ಮೂರನೇ ದಿನ ಮತ್ತೆ ಶುರು ಮಾಡಿ.

ಹೆಜ್ಜೆ 2: ವಯಸ್ಸು ನೋಡಿ ಪುಸ್ತಕ ಆರಿಸಿ

ಹಸುಗೂಸಿಗೆ ಏನು ಓದುವುದು ಅಂತ ತುಂಬಾ ಜನ ಕೇಳುತ್ತಾರೆ. ಆಗ ತಾನೇ ಹುಟ್ಟಿದ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ಎದೆಗೆ ಹಿಡಿದಾಗ ಅಮ್ಮನ ಮುಖ ಇರುವಷ್ಟು ದೂರ. ಹಾಗಾಗಿ ಮೊದಲ ಪುಸ್ತಕ ಅಂದರೆ ನಿಮ್ಮ ಮುಖವೇ. ಜೋಗುಳ ಹಾಡಿ, ಶಿಶುಪದ್ಯ ಹೇಳಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಬರೆದ ಮಕ್ಕಳ ಪದ್ಯಗಳು ಇವತ್ತಿಗೂ ನಾಲಿಗೆ ಮೇಲೆ ಕುಣಿಯುತ್ತವೆ, ಅಲ್ವಾ? ಆ ಲಯವೇ ಭಾಷೆಯ ಮೊದಲ ಪಾಠ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2014ರಲ್ಲಿ, ಎಳೆಗೂಸಿನಿಂದಲೇ ಓದಿ ಹೇಳಿ ಅಂತ ಪೋಷಕರಿಗೆ ತಿಳಿಸಲು ತನ್ನ ವೈದ್ಯರಿಗೆ ಹೇಳಿತು. ಕೂರಲು ಶುರು ಮಾಡಿದ ಮೇಲೆ ದಪ್ಪ ರಟ್ಟಿನ ಪುಸ್ತಕ, ಬಟ್ಟೆಯ ಪುಸ್ತಕ ಕೊಡಿ. ಕಚ್ಚುತ್ತದೆ, ಎಸೆಯುತ್ತದೆ. ಆ ವಯಸ್ಸಿನಲ್ಲಿ ಅದೂ ಓದೇ.

ಒಂದರಿಂದ ಎರಡು ವರ್ಷದವರಿಗೆ ಪುಟಕ್ಕೆ ಒಂದು ದೊಡ್ಡ ಚಿತ್ರ. ಹಸು, ಬಾಳೆಹಣ್ಣು, ಬಸ್ಸು, ಕೊಡೆ. ಮನೆಯಲ್ಲಿ, ಬೀದಿಯಲ್ಲಿ ದಿನಾ ಕಾಣುವಂಥವು. ಬೆರಳಿಟ್ಟು ತೋರಿಸಿ ಹೆಸರು ಹೇಳುವುದು, ‘ಅಂಬಾ’, ‘ಮ್ಯಾಂವ್’ ಅಂತ ಕೂಗುವುದು. ಕಥೆ ಬೇಕಿಲ್ಲ.

ಎರಡರಿಂದ ನಾಲ್ಕಕ್ಕೆ, ಒಂದೇ ಸಾಲು ಪುಟಪುಟಕ್ಕೂ ತಿರುಗಿ ಬರುವ ಕಥೆಗಳು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮಗುವೇ ಆ ಸಾಲು ಹೇಳಲು ಶುರು ಮಾಡುತ್ತದೆ. ನಾಲ್ಕರಿಂದ ಆರು ವರ್ಷಕ್ಕೆ ನಿಜವಾದ ಕಥೆ ಬೇಕು. ಏನೋ ಕಳೆದುಹೋಗಬೇಕು, ಯಾರೋ ಹುಡುಕಬೇಕು. ಜಾನಪದ ಕಥೆಗಳಿಗೂ ಇದೇ ಸರಿಯಾದ ಕಾಲ. ಆರರ ಮೇಲೆ ಕಥೆಯ ಜೊತೆಗೆ ಮಾಹಿತಿ ಪುಸ್ತಕಗಳನ್ನೂ ಇಡಿ. ಕೆಲವು ಮಕ್ಕಳಿಗೆ ರಾಜಕುಮಾರಿ ಬೇಡ, ಜೆಸಿಬಿ ಬೇಕು. ಜೇಡ, ನಕ್ಷತ್ರ, ರೈಲು ಇಂಜಿನ್ ಬೇಕು. ಅವರನ್ನು ‘ಓದುವುದಿಲ್ಲ’ ಅಂತ ನಾವು ತಪ್ಪು ತಿಳಿಯುತ್ತೇವೆ. ಅವರಿಗೆ ಬೇಕಾದ ಪುಸ್ತಕ ನಾವು ತಂದಿರುವುದಿಲ್ಲ, ಅಷ್ಟೇ.

ಅಂಗಡಿಯಲ್ಲಿ ಕೊಳ್ಳುವ ಮೊದಲು ಮೂರು ಪರೀಕ್ಷೆ ಮಾಡಿ. ಮೊದಲ ಪುಟವನ್ನು ಮೆಲ್ಲಗೆ ಬಾಯಿಬಿಟ್ಟು ಓದಿ. ನಿಮ್ಮ ನಾಲಿಗೆಯೇ ತೊಡರಿದರೆ ಅದು ಯಾವುದೋ ಭಾಷೆಯಿಂದ ಅವಸರದಲ್ಲಿ ಇಳಿಸಿದ ಪುಸ್ತಕ, ಮಗುವಿನ ಕಿವಿಗೂ ಇಳಿಯುವುದಿಲ್ಲ. ಆಮೇಲೆ ಅಚ್ಚು ನೋಡಿ. ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತಿದ್ದರೆ, ಕಪ್ಪು ಚಿತ್ರದ ಮೇಲೆ ಕಡುನೀಲಿ ಅಕ್ಷರ ಇದ್ದರೆ, ಈಗಷ್ಟೇ ಓದಲು ಕಲಿಯುವ ಮಗು ಸೋತುಹೋಗುತ್ತದೆ. ಕೊನೆಗೆ ಚಿತ್ರ. ಸಾಲಿನಲ್ಲಿ ಇಲ್ಲದ ಏನಾದರೂ ಚಿತ್ರದಲ್ಲಿ ಇದೆಯಾ? ಮೂಲೆಯಲ್ಲಿ ಒಂದು ಇಲಿ, ಕಿಟಕಿಯಾಚೆ ಒಬ್ಬ ಹುಡುಗ? ಅಂಥ ಪುಸ್ತಕ ನೂರು ಸಲ ಓದಿದರೂ ಹಳತಾಗುವುದಿಲ್ಲ.

ಹೆಜ್ಜೆ 3: ದುಡ್ಡು ಜಾಸ್ತಿ ಸುರಿಯದೆ ಪುಸ್ತಕ ಹೊಂದಿಸಿ

ಮನೆಯಲ್ಲಿ ಹತ್ತು ಪುಸ್ತಕ ಇದ್ದರೆ ಶುರು ಮಾಡಲು ಧಾರಾಳ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನವಕರ್ನಾಟಕದ ಮಳಿಗೆಗಳಲ್ಲಿ ವಿಜ್ಞಾನದ ಪುಸ್ತಕಗಳು ಚೆನ್ನಾಗಿವೆ. ಚೆನ್ನೈನ ತೂಲಿಕಾ ಪ್ರಕಾಶನ ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಚಿತ್ರಪುಸ್ತಕಗಳನ್ನು ತರುತ್ತದೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಇರುವಾಗ ವರ್ಷಕ್ಕಾಗುವಷ್ಟು ಕೊಂಡಿಡಬಹುದು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ನಮ್ಮ ಮನೆಯ ದೊಡ್ಡ ಆಸರೆ. ಕನ್ನಡದ ಎಷ್ಟೋ ಚಿತ್ರಕಥೆಗಳು ಅಲ್ಲಿ ಉಚಿತ. ಇಳಿಸಿಕೊಂಡು ಅಚ್ಚು ಹಾಕಿಸಲು ಅನುಮತಿಯೂ ಇದೆ. ಕಥೆಗಳನ್ನು ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದಲ್ಲಿ 250 ಪದದೊಳಗಿನ ಸರಳ ಕಥೆ, ನಾಲ್ಕನೆಯದರಲ್ಲಿ 1500 ಪದ ದಾಟಿದ್ದು. ವಿದೇಶದಲ್ಲಿರುವ ನನ್ನ ತಂಗಿ ವಾರಕ್ಕೊಂದು ಕಥೆ ಅಚ್ಚು ಹಾಕಿ, ಪಿನ್ ಹೊಡೆದು, ಮಗನಿಗೆ ಓದುತ್ತಾಳೆ. ಅಲ್ಲಿ ಕನ್ನಡ ಪುಸ್ತಕ ತರಿಸುವುದೆಂದರೆ ಪುಸ್ತಕಕ್ಕಿಂತ ಅಂಚೆಗೇ ದುಬಾರಿ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದರ ಹೆಸರು ಅರಿವು ಕೇಂದ್ರ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಮಾಡಿದರು. ಮಗುವನ್ನು ಕರೆದುಕೊಂಡು ಹೋಗಿ ಅದರ ಹೆಸರಲ್ಲೇ ಮಾಡಿಸಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನೊಳಗೇ ಮಕ್ಕಳ ಗ್ರಂಥಾಲಯ ಇದೆ. ಪುಸ್ತಕ ನೋಡಿ ಹೊರಬಂದರೆ ಆಡಲು ಮರಗಳ ನೆರಳು.

ತಂದ ಪುಸ್ತಕವನ್ನು ಗಾಜಿನ ಶೋಕೇಸಿನಲ್ಲಿ ಇಡಬೇಡಿ. ನೆಲದ ಮೇಲೆ ಒಂದು ಬುಟ್ಟಿ ಸಾಕು. ಮುಖಪುಟ ಮೇಲೆ ಕಾಣಬೇಕು, ಮಗುವಿನ ಕೈಗೆ ಎಟುಕಬೇಕು.

ಹೆಜ್ಜೆ 4: ಓದುವ ಬಗೆ

ಇದೇ ಮುಖ್ಯವಾದದ್ದು. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಮುಖಪುಟ ತೋರಿಸಿ. ಹೆಸರು ಓದಿ, ಬರೆದವರು ಯಾರು, ಚಿತ್ರ ಬಿಡಿಸಿದವರು ಯಾರು ಹೇಳಿ. ಪುಸ್ತಕವನ್ನು ಮನುಷ್ಯರೇ ಮಾಡಿದ್ದಾರೆ ಅಂತ ಮಕ್ಕಳಿಗೆ ತಿಳಿಯಬೇಕು. ‘ಇದರಲ್ಲಿ ಏನಿರಬಹುದು?’ ಅಂತ ಒಮ್ಮೆ ಕೇಳಿ. ಏನು ಹೇಳಿದರೂ ‘ಹೌದಾ, ನೋಡೋಣ’ ಅನ್ನಿ.

ಆಮೇಲೆ ಓದಿ. ನಿಮ್ಮ ಮಾಮೂಲಿ ದನಿಯಲ್ಲೇ, ಸ್ವಲ್ಪ ನಿಧಾನವಾಗಿ. ನಾಟಕ ಬರದಿದ್ದರೆ ಚಿಂತೆ ಇಲ್ಲ. ಮಕ್ಕಳಿಗೆ ಬೇಕಾದದ್ದು ಅಪ್ಪನ ದನಿ, ರೇಡಿಯೋದವರ ದನಿ ಅಲ್ಲ. ಪುಟ ತಿರುವುವ ಮುನ್ನ ಒಂದು ಉಸಿರಿನಷ್ಟು ನಿಲ್ಲಿ. ಆ ನಿಲುಗಡೆಯಲ್ಲೇ ಮಗು ಮುಂದೇನು ಅಂತ ಯೋಚಿಸುವುದು.

ಮೊನ್ನೆ ಮಗನಿಗೆ ಓದುವಾಗ ನಡೆದದ್ದನ್ನು ಹಾಗೇ ಬರೆಯುತ್ತೇನೆ. ಪುಟದಲ್ಲಿ ಜೋರು ಮಳೆ, ಸಂತೆಬೀದಿ, ತಳ್ಳುಗಾಡಿಯ ಕೆಳಗೆ ಒಂದು ನಾಯಿಮರಿ. ಸಾಲು ಓದಿ ನಿಲ್ಲಿಸಿದೆ.

‘ನಾಯಿಮರಿ ಎಲ್ಲೋ?’ ಅಂದೆ.

ಬೆರಳಿಟ್ಟ. ‘ಗಾಡಿ ಕೆಳಗೆ.’

‘ಹೂಂ, ತಳ್ಳುಗಾಡಿ ಕೆಳಗೆ ಮುದುರಿಕೊಂಡು ಕೂತಿದೆ. ಯಾಕೆ?’

‘ಮಳೆ.’

‘ಹೌದು ಕಂದ, ಮಳೆಯಲ್ಲಿ ನೆನೆದರೆ ಚಳಿಯಾಗುತ್ತೆ ಅಂತ. ಮೊನ್ನೆ ಮಳೆ ಬಂದಾಗ ನೀನೆಲ್ಲಿ ನಿಂತಿದ್ದೆ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಆಮೇಲೆ ಹೇಳಿದ: ‘ಅಂಗಡಿ. ಕಡ್ಲೆಕಾಯಿ ಅಂಗಡಿ. ಅಪ್ಪ ಹೊರಗಡೆ. ಅಪ್ಪ ನೆಂದ.’ ಹೇಳಿ, ಎರಡು ಪುಟ ಹಿಂದಕ್ಕೆ ತಿರುವಿ, ಮಳೆಯಲ್ಲಿ ನೆನೆಯುತ್ತಿದ್ದ ಒಬ್ಬ ಗಂಡಸಿನ ಚಿತ್ರ ತೋರಿಸಿದ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಇಲ್ಲಿ ಏನಾಯಿತು ನೋಡಿ. ಅವನು ಎರಡು ಪದ ಹೇಳಿದ, ನಾನು ಅದನ್ನೇ ಎತ್ತಿಕೊಂಡು ಐದು ಪದ ಮಾಡಿ ವಾಪಸ್ ಕೊಟ್ಟೆ. ‘ಮುದುರಿಕೊಂಡು’ ಅನ್ನುವ ಪದ ಅವನಿಗೆ ಹೊಸದು, ಆದರೆ ಕಣ್ಣೆದುರಿಗೇ ಚಿತ್ರವಿದ್ದುದರಿಂದ ಅರ್ಥ ಹೇಳುವ ಕೆಲಸವೇ ಬೀಳಲಿಲ್ಲ. ಪುಸ್ತಕದ ಮಳೆಯನ್ನು ಅವನ ಮಳೆಗೆ ಜೋಡಿಸಿದೆ. ಕೊನೆಯ ಮಾತು ಅವನ ಬಾಯಿಂದ ಬಂದದ್ದು ನಾನು ಸುಮ್ಮನೆ ಕಾದದ್ದರಿಂದ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ನಮಗೆ ಅದು ತುಂಬಾ ದೀರ್ಘ ಅನ್ನಿಸುತ್ತದೆ. ಮಗುವಿಗೆ ಅಷ್ಟು ಹೊತ್ತು ಬೇಕು.

ಪುಟಕ್ಕೊಂದು ಪ್ರಶ್ನೆ ಹಾಕಬೇಡಿ. ಒಂದು ಪುಸ್ತಕಕ್ಕೆ ಎರಡೋ ಮೂರೋ ಸಾಕು, ಇಲ್ಲದಿದ್ದರೆ ಕಥೆ ಕುಂಟುತ್ತದೆ. ‘ಹೌದು’, ‘ಇಲ್ಲ’ ಅಂತ ಮುಗಿದುಹೋಗುವ ಪ್ರಶ್ನೆ ಬೇಡ. ‘ಆಮೇಲೆ ಏನಾಗಬಹುದು?’, ‘ಅವಳ ಮುಖ ಯಾಕೆ ಹಾಗಿದೆ?’, ‘ನೀನಾಗಿದ್ದರೆ ಏನು ಮಾಡ್ತಿದ್ದೆ?’ ಇಂಥವು ಚೆನ್ನ. ಗೊತ್ತಿರುವ ಕಥೆಯಲ್ಲಿ ಸಾಲಿನ ಕೊನೆಯ ಪದ ಬಿಟ್ಟು ಕಾಯುವುದೂ ಒಳ್ಳೆಯ ಆಟ.

ಒಂದು ಪ್ರಶ್ನೆ ಮಾತ್ರ ದಯವಿಟ್ಟು ಕೇಳಬೇಡಿ: ‘ಈ ಕಥೆಯ ನೀತಿ ಏನು?’ ಹುಲಿಯ ಬಾಯಿಗೆ ತಾನಾಗಿ ಮರಳಿ ಬರುವ ಹಸುವಿನ ಕಥೆ ನಮ್ಮೆಲ್ಲರಿಗೂ ಗೊತ್ತು. ಕೊನೆಯಲ್ಲಿ ಹುಲಿ ಸಾಯುತ್ತದೆ. ನನ್ನ ಮಗಳು ಮೊದಲ ಸಲ ಕೇಳಿದಾಗ ಹುಲಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ‘ಸತ್ಯ ಹೇಳಬೇಕು’ ಅಂತ ಆಗ ನಾನು ಪಾಠ ಮಾಡಲು ಹೋಗಿದ್ದರೆ ಆ ಅಳು ಅಲ್ಲೇ ಒಣಗುತ್ತಿತ್ತು. ತಬ್ಬಿಕೊಂಡು ಕೂತೆ, ಅಷ್ಟೇ. ಎರಡು ದಿನ ಬಿಟ್ಟು ಅವಳೇ ಕೇಳಿದಳು, ‘ಅಮ್ಮಾ, ಹುಲಿಗೆ ನಾಚಿಕೆ ಆಯ್ತಾ?’ ಯಾವ ನೀತಿಪಾಠವೂ ಅವಳಿಂದ ಆ ಪ್ರಶ್ನೆ ತರಿಸುತ್ತಿರಲಿಲ್ಲ.

ಪುಸ್ತಕದ ಮಾತು, ಮನೆಯ ಮಾತು

ಅಚ್ಚಾದ ಸಾಲನ್ನು ಅಚ್ಚಾದಂತೆಯೇ ಓದಿ. ಮಾತಾಡುವಾಗ ನಿಮ್ಮ ಮನೆಯ ಕನ್ನಡಕ್ಕೆ ಬನ್ನಿ. ‘ಗುಬ್ಬಿ ಹಾರಿಹೋಯಿತು’ ಅಂತ ಓದಿ, ‘ಎಲ್ಲಿಗೆ ಹಾರ್ತು?’ ಅಂತ ಕೇಳಿ. ಎರಡರ ನಡುವಿನ ದಾರಿ ಮಗುವಿಗೆ ತಾನಾಗಿ ತಿಳಿಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಮಾತಾಡುವವರು ಕನ್ನಡ ಪುಸ್ತಕ ಓದಿ, ಅದರ ಬಗ್ಗೆ ತಮ್ಮ ಮಾತಿನಲ್ಲೇ ಹರಟಬಹುದು. ಮಗು ಗೊಂದಲಪಡುತ್ತದೆ ಅನ್ನುವ ಭಯ ಬೇಡ. ಒಂದು ಭಾಷೆಯಲ್ಲಿ ಅರ್ಥವಾದ ಕಥೆ ಇನ್ನೊಂದರಲ್ಲಿ ಬೇಗ ಅರ್ಥವಾಗುತ್ತದೆ.

ಮಗು ಇಂಗ್ಲಿಷ್ ಮೀಡಿಯಂನಲ್ಲಿದ್ದರೆ ಮನೆಯ ಈ ಹತ್ತು ನಿಮಿಷವೇ ಕನ್ನಡಕ್ಕೆ ಸಿಗುವ ದೊಡ್ಡ ಪಾಲು. ಅದನ್ನು ಕೈಬಿಡಬೇಡಿ.

ಹೆಜ್ಜೆ 5: ಅದೇ ಪುಸ್ತಕ, ಮತ್ತೆ

ಅದೇ ಪುಸ್ತಕ ನಲವತ್ತನೇ ಸಲ. ನಮಗೆ ಸಾಕಾಗಿರುತ್ತದೆ, ಮಗುವಿಗೆ ಸಾಕಾಗಿರುವುದಿಲ್ಲ. ಮೊದಲ ಸಲ ಮಗು ಕೇಳುವುದು ಏನಾಯಿತು ಅಂತ. ಮುಂದೆ ಯಾಕಾಯಿತು ಅಂತ ಕೇಳುತ್ತದೆ. ಆಮೇಲೆ ಪದಗಳ ರುಚಿ ಹತ್ತುತ್ತದೆ. ಕೊನೆಗೆ ಪುಸ್ತಕವನ್ನು ತಾನೇ ಹಿಡಿದು, ಅಕ್ಷರ ಬಾರದಿದ್ದರೂ ಪುಟ ತಿರುವುತ್ತಾ ಪೂರ್ತಿ ‘ಓದುತ್ತದೆ’. ಅದು ನೆನಪಿನಿಂದ ಹೇಳುತ್ತಿದೆ ಅಂತ ತಿದ್ದಬೇಡಿ. ಕೇಳಿಸಿಕೊಳ್ಳಿ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಮಾತು ಈ ಗುರುತುಗಳಿಂದ ಬರುತ್ತದೆ ಅಂತ ಅದು ಕಲಿತುಬಿಟ್ಟಿದೆ. ನಮಗೆ ಬೇಸರವಾದರೆ ಒಂದು ಒಪ್ಪಂದ ಮಾಡಿಕೊಳ್ಳಬಹುದು: ಒಂದು ನಿನ್ನಿಷ್ಟದ್ದು, ಒಂದು ನನ್ನಿಷ್ಟದ್ದು.

ಹೆಜ್ಜೆ 6: ಅಕ್ಷರದ ಹೊತ್ತು ಬೇರೆ, ಕಥೆಯ ಹೊತ್ತು ಬೇರೆ

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಮಗಳಿಗೆ ನಾಲ್ಕೂವರೆ ತುಂಬಿದಾಗ, ಅಕ್ಷರ ಬೇಗ ಬರಲಿ ಅಂತ, ಓದುವಾಗ ಪದ ಪದಕ್ಕೂ ನಿಲ್ಲಿಸಲು ಶುರು ಮಾಡಿದೆ. ‘ಇದು ಯಾವ ಅಕ್ಷರ? ಇದಕ್ಕೆ ಕೊಂಬು ಕೊಟ್ಟರೆ?’ ಒಂದು ವಾರ ಸಹಿಸಿದಳು. ಎಂಟನೇ ದಿನ ಎರಡೂ ಅಂಗೈಯಿಂದ ಪುಸ್ತಕ ಮುಚ್ಚಿ, ಅದರ ಮೇಲೆ ಕೈ ಹಾಗೇ ಇಟ್ಟುಕೊಂಡು ಹೇಳಿದಳು: ‘ನಂಗೆ ಕಥೆ ಬೇಕಿತ್ತು.’ ಆಮೇಲೆ ಹದಿನೈದು ದಿನ ಅವಳು ಬುಟ್ಟಿಯ ಹತ್ತಿರ ಹೋಗಲಿಲ್ಲ.

ಕನ್ನಡದ ಅಕ್ಷರಕ್ಕೆ ಕಾಲ ಬೇಕು. ಇಂಗ್ಲಿಷಿನ 26ರ ಜೊತೆ ಹೋಲಿಸಿ ಮಗುವನ್ನು ಅವಸರಪಡಿಸಬಾರದು. ವರ್ಣಮಾಲೆಯಲ್ಲೇ 49. ಮೇಲೆ 34 ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತ, ಒಟ್ಟು 510 ರೂಪ. ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ 2007ರ ಸಂಶೋಧನೆಯಲ್ಲಿ ಅಕ್ಷರ ಕಲಿಕೆ ನಾಲ್ಕನೇ ತರಗತಿಯಲ್ಲೂ ನಡೆದೇ ಇರುವುದು ಕಂಡುಬಂತು. ಅಂದರೆ ಎರಡನೇ ತರಗತಿಯ ಮಗು ‘ಸಂಕ್ರಾಂತಿ’ ಅನ್ನುವಲ್ಲಿ ತಡವರಿಸಿದರೆ ಅದು ದಡ್ಡತನ ಅಲ್ಲ. ಅದು ಸಹಜ.

ಹಾಗಾದರೆ ಅಕ್ಷರ ಯಾವಾಗ? ಹಗಲಲ್ಲಿ, ಆಟವಾಗಿ. ಬಸ್ಸಿನ ಬೋರ್ಡು, ಅಂಗಡಿ ಹೆಸರು, ಬಿಸ್ಕತ್ತಿನ ಪೊಟ್ಟಣ, ಮದುವೆ ಕರೆಯೋಲೆ. ಮಗುವಿನ ಹೆಸರಿನ ಮೊದಲ ಅಕ್ಷರದಿಂದ ಶುರು ಮಾಡಿ. ಅದನ್ನು ಊರೆಲ್ಲ ಹುಡುಕಿಸಿ. ರವೆ ಹರಡಿದ ತಟ್ಟೆಯಲ್ಲಿ ಬೆರಳಿಂದ ಬರೆಸಿ. ರಾತ್ರಿ ಓದುವಾಗ ಮಾತ್ರ ಅಕ್ಷರ ಕೇಳಬೇಡಿ. ಸಾಲಿನ ಕೆಳಗೆ ಆಗಾಗ ನಿಮ್ಮ ಬೆರಳು ಹರಿದರೆ ಸಾಕು. ಅದರ ಕಣ್ಣು ಹಿಂಬಾಲಿಸುತ್ತದೆ.

ಹೆಜ್ಜೆ 7: ಓದಲು ಬಂದ ಮೇಲೂ ಓದಿ ಹೇಳಿ

‘ಈಗ ನೀನೇ ಓದ್ಕೋ’ ಅಂತ ಆರು ವರ್ಷಕ್ಕೇ ಕೈಬಿಡುವ ಮನೆಗಳು ತುಂಬಾ. ಅದೇ ಹೊತ್ತಿಗೆ ಮಕ್ಕಳು ಪುಸ್ತಕ ಬಿಡುವುದು. ಕಾರಣ ಸರಳ. ಆರು ವರ್ಷದ ಮಗು ಕಿವಿಯಿಂದ ಅರ್ಥ ಮಾಡಿಕೊಳ್ಳಬಲ್ಲ ಕಥೆ ದೊಡ್ಡದು, ಉದ್ದದ್ದು. ಅದು ಅಕ್ಷರ ಕೂಡಿಸಿ ತಾನೇ ಓದಬಲ್ಲದ್ದು ಮಾತ್ರ ‘ಅಜ್ಜ ಬಂದ, ಆಟ ಆಡಿದ’. ಕಿವಿಗೆ ಹಬ್ಬದೂಟ ಉಂಡವಳಿಗೆ ಕಣ್ಣಿಗೆ ಬರೀ ಗಂಜಿ ಕೊಟ್ಟಂತೆ. ಎರಡೂ ಸಮವಾಗುವವರೆಗೆ, ಅಂದರೆ ಇನ್ನೂ ಹಲವು ವರ್ಷ, ನೀವು ಓದಿ ಹೇಳುತ್ತಿರಬೇಕು.

ಏಳೆಂಟು ವರ್ಷದವರ ಜೊತೆ ಸರದಿಯಲ್ಲಿ ಓದುವುದು ಚೆನ್ನಾಗಿ ನಡೆಯುತ್ತದೆ. ಮೊದಲು ಒಂದು ಸಾಲು ಅವಳದು, ಒಂದು ಪುಟ ನಿಮ್ಮದು. ನಿಧಾನವಾಗಿ ಅವಳ ಪಾಲು ಹೆಚ್ಚಲಿ. ತಡವರಿಸಿದರೆ ಮೂರು ಎಣಿಸಿ ಪದ ಹೇಳಿಬಿಡಿ, ಕಥೆ ಮುಂದೆ ಹೋಗಲಿ. ತಪ್ಪು ಓದಿದರೂ ಅರ್ಥ ಕೆಡದಿದ್ದರೆ ಬಿಟ್ಟುಬಿಡಿ. ಎಂಟು ದಾಟಿದ ಮೇಲೆ ದಿನಕ್ಕೊಂದು ಅಧ್ಯಾಯದ ದೊಡ್ಡ ಪುಸ್ತಕ ಹಿಡಿಯಿರಿ. ರೋಚಕವಾದ ಕಡೆ ನಿಲ್ಲಿಸಿ, ಪುಸ್ತಕವನ್ನು ಅವಳ ದಿಂಬಿನ ಹತ್ತಿರವೇ ಬಿಟ್ಟು ಹೋಗಿ. ನನ್ನ ಮಗಳು ತಾನಾಗಿ ಓದಿದ ಮೊದಲ ದೊಡ್ಡ ಪುಸ್ತಕ ಹಾಗೆ ಬಿಟ್ಟುಹೋದದ್ದೇ. ಬೆಳಗ್ಗೆ ಎದ್ದು ನೋಡಿದರೆ ನಾವು ನಿಲ್ಲಿಸಿದ್ದ ಪುಟದಿಂದ ಹನ್ನೊಂದು ಪುಟ ಆಚೆ ಒಂದು ಬಸ್ ಟಿಕೆಟ್ ಸಿಕ್ಕಿಸಿತ್ತು.

ಹೆಜ್ಜೆ 8: ಮನೆಮಂದಿಯನ್ನೆಲ್ಲ ಸೇರಿಸಿ

ಓದಿ ಹೇಳುವುದು ಅಮ್ಮನ ಕೆಲಸ ಅಂತ ಆಗಬಾರದು. ಅಪ್ಪ ಓದಿದರೆ ಕಥೆಯೇ ಬೇರೆ ಥರ ಕೇಳಿಸುತ್ತದೆ. ನಮ್ಮ ಮನೆಯಲ್ಲಿ ರಾಕ್ಷಸರಿರುವ ಪುಸ್ತಕಗಳೆಲ್ಲ ಅಪ್ಪನಿಗೇ ಮೀಸಲು.

ಅಕ್ಷರ ಬಾರದ ಅಜ್ಜ ಅಜ್ಜಿ ಇದ್ದರೆ ಅವರನ್ನು ಹೊರಗಿಡಬೇಡಿ. ಪುಸ್ತಕದ ಚಿತ್ರ ನೋಡಿ ಅವರು ತಮ್ಮದೇ ಕಥೆ ಹೇಳಲಿ, ಒಗಟು ಕೇಳಲಿ, ಗಾದೆ ಹೇಳಲಿ. ಅವರ ಬಾಯಲ್ಲಿರುವ ಕೊಳಗ, ಕಣಜ, ಬೀಸುವ ಕಲ್ಲು ಇವತ್ತಿನ ಎಷ್ಟು ಪುಸ್ತಕದಲ್ಲಿವೆ? ಅಜ್ಜಿ ಹೇಳಿದ ಒಂದು ಕಥೆಯನ್ನು ನೀವು ಬರೆದುಕೊಂಡು, ಮಗುವಿನಿಂದ ಚಿತ್ರ ಬಿಡಿಸಿ, ನಾಲ್ಕು ಹಾಳೆ ಹೊಲಿದರೆ ಮನೆಯದೇ ಒಂದು ಪುಸ್ತಕ ಆಯಿತು. ನಮ್ಮಲ್ಲಿ ಅಂಥವು ಮೂರಿವೆ. ಮಗ ಜಾಸ್ತಿ ಕೇಳುವುದು ಅವನ್ನೇ.

ನೀವೂ ಓದುವುದು ಮಕ್ಕಳಿಗೆ ಕಾಣಲಿ. ಪೇಪರ್ ಆದರೂ ಸರಿ, ವಾರಪತ್ರಿಕೆ ಆದರೂ ಸರಿ, ಕಾಗದದ ಮೇಲಿರಲಿ. ಮೊಬೈಲಿನಲ್ಲಿ ನೀವು ಕಾದಂಬರಿಯನ್ನೇ ಓದುತ್ತಿದ್ದರೂ ಮಗುವಿಗೆ ಕಾಣುವುದು ಮೊಬೈಲ್ ಮಾತ್ರ.

ಮಗು ಕೂರುವುದೇ ಇಲ್ಲ ಅಂದರೆ?

ಕೂರಲೇಬೇಕು ಅಂತ ಏನೂ ಇಲ್ಲ. ಕಾರು ಓಡಿಸುತ್ತಾ, ಸೋಫಾ ಹತ್ತಿ ಇಳಿಯುತ್ತಾ ಕೇಳುವ ಮಕ್ಕಳಿದ್ದಾರೆ. ನೀವು ಓದುತ್ತಾ ಹೋಗಿ. ಗೊತ್ತಿರುವ ಸಾಲೊಂದನ್ನು ಬೇಕಂತಲೇ ತಪ್ಪು ಓದಿ ನೋಡಿ, ಆಟ ಬಿಟ್ಟು ತಿದ್ದಲು ಓಡಿ ಬರುತ್ತದೆ. ಉದ್ದದ ಪುಟವಾದರೆ ಸಾಲು ಬಿಟ್ಟು ಚಿತ್ರದ ಬಗ್ಗೆ ಮಾತಾಡಿ. ನಿಜವಾಗಿಯೂ ಬೇಡ ಅಂದ ದಿನ ಮುಚ್ಚಿಡಿ. ‘ಓದದಿದ್ದರೆ ಟಿವಿ ಇಲ್ಲ’ ಅಂತ ಹೆದರಿಸಿದರೆ ಪುಸ್ತಕ ಶಿಕ್ಷೆಯಾಗುತ್ತದೆ, ಟಿವಿ ಬಹುಮಾನವಾಗುತ್ತದೆ.

ಮಗುವಿಗೆ ಎರಡು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಎರಡು ಪದ ಸೇರಿಸಿ ಮಾತಾಡದಿದ್ದರೆ ಪುಸ್ತಕವೇ ಸರಿಮಾಡುತ್ತದೆ ಅಂತ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕೇಳುವಿಕೆಯ ತಪಾಸಣೆ ನಡೆಯುತ್ತದೆ. ಬೇಗ ತೋರಿಸಿದಷ್ಟೂ ಒಳ್ಳೆಯದು. ಓದುವುದನ್ನು ಮಾತ್ರ ಮುಂದುವರಿಸಿ.

ಮೊಬೈಲಿನ ಕಥೆ ವಿಡಿಯೋ ಆಗುವುದಿಲ್ವಾ ಅಂತ ಕೇಳುವವರಿಗೆ: ವಿಡಿಯೋ ಮಗುವಿಗಾಗಿ ನಿಲ್ಲುವುದಿಲ್ಲ, ಅದರ ‘ಹೂಂ’ ಕೇಳಿಸಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಒಂದು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ ಅನ್ನುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು. ಕೂತಿರುವ ಹೊತ್ತಿನಲ್ಲಿ ದೊಡ್ಡವರು ಓದಿ ಹೇಳಲಿ, ಕಥೆ ಹೇಳಲಿ ಅಂತಲೂ ಅದರಲ್ಲೇ ಇದೆ.

ಪುಸ್ತಕ ಹರಿದಾಗ, ಮಗು ಬೆಳೆದಾಗ

ಹರಿದರೆ ಬೈಯಬೇಡಿ, ಒಟ್ಟಿಗೆ ಕೂತು ಅಂಟಿಸಿ. ಬೆನ್ನು ಕಿತ್ತು ಬಂದರೆ ಮೈದಾ ಅಂಟು ಮತ್ತು ಒಂದು ಪಟ್ಟಿ ಹಳೆ ಕಾಟನ್ ಬಟ್ಟೆ ಸಾಕು, ಒಂದು ರಾತ್ರಿ ಮೇಲೆ ಭಾರ ಹೇರಿಟ್ಟರೆ ಗಟ್ಟಿಯಾಗುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವ ಹಳೆಯ ಪದ್ಧತಿ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡ, ಅದು ವಿಷ.

ಪ್ರತಿ ಪುಸ್ತಕದ ಒಳರಟ್ಟಿನ ಮೇಲೆ ತಂದ ದಿನ, ಮಗುವಿನ ವಯಸ್ಸು ಬರೆದಿಡಿ. ವರ್ಷಕ್ಕೊಮ್ಮೆ, ದಸರಾ ರಜೆಯಲ್ಲೋ ಬೇಸಿಗೆಯಲ್ಲೋ, ಬುಟ್ಟಿ ಖಾಲಿ ಮಾಡಿ ಬೆಳೆದು ದಾಟಿದ ಪುಸ್ತಕಗಳನ್ನು ಅಂಗನವಾಡಿಗೋ ಊರಿನ ಗ್ರಂಥಾಲಯಕ್ಕೋ ಕೊಡಬಹುದು. ಕೊಡುವ ಮುನ್ನ ಮಗುವನ್ನು ಕೇಳಿ. ನಮ್ಮ ಮಗಳು ಹೋದ ವರ್ಷ ಹದಿನಾಲ್ಕು ಪುಸ್ತಕ ಕೊಟ್ಟಳು, ಒಂದನ್ನು ವಾಪಸ್ ಎತ್ತಿಕೊಂಡಳು. ಮೂಲೆ ಕಚ್ಚಿಹೋದ, ಎಂಟೇ ಪುಟದ ರಟ್ಟಿನ ಪುಸ್ತಕ ಅದು. ಈಗ ಅದನ್ನು ತಮ್ಮನಿಗೆ ಅವಳೇ ಓದುತ್ತಾಳೆ. ಅವನು ಹೂಂಗುಡದಿದ್ದರೆ ಪುಟ ತಿರುವುವುದಿಲ್ಲ.